ಕಣ್ಣಿನ ಸಾಕ್ಷಿಮನೆ

ನಮ್ಮೂರಲ್ಲಿ ಹಲ್ಲು ಕೀಳಿಸಿಕೊಳ್ಳಬೇಕಾದರೂ ಮೊದಲು ಏಳು ದಿನ ಸಂಗಣ್ಣನ ಮನೆಯಲ್ಲಿ ಇದ್ದು ಬರಬೇಕು. ಸಂಗಣ್ಣನಿಗೆ ಹಲ್ಲು ಕೀಳಿಸಿದ ಮೇಲೆ ದವಡೆ ಬಾತು, ಕೀವಾಗಿ, ಬಾಯಿ ಒಂದು ಕಡೆಗೆ ಎಳೆದುಕೊಂಡುಬಿಟ್ಟಿದೆ. ಅವನ ಜೊತೆ ಉಂಡು, ಅವನ ಮನೆಯ ಕಸ ಗುಡಿಸಿ, ಮಾತಿನ ಮಧ್ಯೆ ಅವನು ಟವೆಲಿನಿಂದ ಬಾಯಿ ಒರೆಸಿಕೊಳ್ಳುವುದನ್ನು ನೋಡಿ, ಆಮೇಲೂ ಹಲ್ಲು ಕೀಳಿಸಬೇಕು ಅನ್ನಿಸಿದರೆ ಕೀಳಿಸಿಕೊಳ್ಳಬಹುದು. ಮಂಡಿ ಚಿಕಿತ್ಸೆಗೆ ಬೇರೆ ಮನೆ, ಹರ್ನಿಯಾಕ್ಕೆ ಬೇರೆ ಮನೆ. ಇಂಥ ಮನೆಗಳಿಗೆ ಸಾಕ್ಷಿಮನೆ ಅನ್ನುತ್ತೇವೆ. ಬಾಗಿಲ ಮೇಲೆ ಕೆಮ್ಮಣ್ಣಿನ ಗೆರೆ ಇರುತ್ತದೆ. ಬರುವವರು ತಮ್ಮ ಚಾಪೆ, ತಮ್ಮ ಅಕ್ಕಿ ತರಬೇಕು. ಏಳನೆಯ ದಿನ ಮನೆಯವರು ಚೀಟಿಗೆ ಹೆಬ್ಬೆಟ್ಟು ಒತ್ತಿ ಕೊಟ್ಟರೆ ಡಾಕ್ಟರು ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ. ಮಾಡಿಸಿಕೋ ಅಂತಲೋ ಬೇಡ ಅಂತಲೋ ಸಾಕ್ಷಿಯವರು ಹೇಳುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೆ. ಉತ್ತರ ನಿಜವೇ ಆಗಿರಬೇಕು ಅಂತ ಮಾತ್ರ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅದನ್ನೂ ಬರೆಯಬೇಕಾಗುತ್ತದೆ ಅಂತ ಹಿರಿಯರಿಗೆ ತೋಚಿರಲಿಕ್ಕಿಲ್ಲ.

ಕಣ್ಣಿಗೆ ಸಸಿ ಇಡುವ ಚಿಕಿತ್ಸೆಗೆ ನನ್ನ ಮನೆಯೇ ಸಾಕ್ಷಿಮನೆಯಾಗಿತ್ತು. ನನ್ನ ಹೆಸರು ಗುರುಬಸಮ್ಮ. ನಾನೂ ನಮ್ಮ ಮನೆಯವರೂ ಊರಾಚೆಯ ಸುಣ್ಣದ ಗೂಡಿನಲ್ಲಿ ದುಡಿಯುವವರು. ಎಂಟು ವರ್ಷದ ಹಿಂದೆ ಸುಟ್ಟ ಕಲ್ಲಿಗೆ ನೀರು ಹುಯ್ಯುತ್ತಿದ್ದಾಗ ಕುದಿಯುವ ಸುಣ್ಣ ಸಿಡಿದು ನನ್ನ ಬಲಗಣ್ಣಿಗೆ ಬಿತ್ತು. ಉರಿಯೇನೋ ತಿಂಗಳಲ್ಲಿ ಇಳಿಯಿತು. ಆದರೆ ಕಣ್ಣಿನ ಮೇಲೆ ಬೆಳ್ಳಗಿನ ಪೊರೆ ಕಟ್ಟಿ, ಅದರ ಮೇಲೆ ಕೆಂಪು ನರಗಳು ಹಬ್ಬಿದವು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅನ್ನುವಷ್ಟು ಬೆಳಕು ಮಾತ್ರ ಉಳಿಯಿತು.

ಆಗಷ್ಟೆ ಊರಿಗೆ ಬಂದಿದ್ದ ತಸ್ನೀಮ್ ಡಾಕ್ಟ್ರಮ್ಮ ಕಣ್ಣನ್ನು ಪರೀಕ್ಷೆ ಮಾಡಿ, ಇದಕ್ಕೊಂದು ದಾರಿ ಇದೆ ಅಂದರು. ಅವರು ಹೇಳಿದ್ದು ಹೀಗೆ. ಕಣ್ಣಿನ ಮೇಲಿನ ಗಾಜಿನಂಥ ತೆಳು ಚರ್ಮ ದಿನದಿನವೂ ಸವೆಯುತ್ತದೆ. ಕರಿಗುಡ್ಡೆಯ ಸುತ್ತಲಿನ ಅಂಚಿನಲ್ಲಿ ಸ್ಟೆಮ್ ಸೆಲ್ ಅನ್ನುವ ಜೀವಕಣಗಳಿವೆ, ಆ ಚರ್ಮವನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುವುದು ಅವು. ಸುಣ್ಣ ನನ್ನ ಬಲಗಣ್ಣಿನ ಆ ಅಂಚನ್ನೇ ಸುಟ್ಟುಬಿಟ್ಟಿದೆ. ಚೆನ್ನಾಗಿರುವ ಎಡಗಣ್ಣಿನ ಅಂಚಿನಿಂದ ಎಳ್ಳುಕಾಳಿನಷ್ಟು ತೆಗೆದು, ಅದನ್ನು ಎಂಟು ಹತ್ತು ಚೂರು ಮಾಡಿ, ಪೊರೆ ಕಿತ್ತ ಬಲಗಣ್ಣಿನ ಮೇಲೆ ಇಟ್ಟರೆ ಅವು ಬೇರೂರಿ ಹಬ್ಬುತ್ತವೆ. ಹೆರಿಗೆಯಲ್ಲಿ ಬರುವ ಮಾಸಿನ ತೆಳು ಹಾಳೆಯೊಂದನ್ನು ಅವುಗಳಿಗೆ ಹಾಸಿಗೆಯಂತೆ ಹಾಸುತ್ತಾರೆ. ಸಸಿ ನೆಟ್ಟ ಹಾಗೇ ಇದೆಯಲ್ಲ ಅಂದೆ. ಅವತ್ತಿನಿಂದ ಊರಲ್ಲಿ ಅದಕ್ಕೆ ಸಸಿ ಅನ್ನುವ ಹೆಸರೇ ನಿಂತಿತು.

ಹೊಸ ಚಿಕಿತ್ಸೆಗೆ ಸಾಕ್ಷಿಮನೆ ಇರುವುದಿಲ್ಲವಲ್ಲ. ಅಂಥದ್ದಕ್ಕೆ ಡಾಕ್ಟರೇ ರೋಗಿಯ ಮನೆಯಲ್ಲಿ ಏಳು ದಿನ ಇದ್ದು, ಬೇರೆ ಊರುಗಳಲ್ಲಿ ತಮ್ಮ ಕೈಯಲ್ಲಿ ಕೆಟ್ಟಿದ್ದನ್ನೆಲ್ಲ ಹೇಳಬೇಕು. ಡಾಕ್ಟ್ರಮ್ಮ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿ, ರೊಟ್ಟಿ ತಟ್ಟಲು ಹೋಗಿ ಕೈ ಸುಟ್ಟುಕೊಂಡು, ಒಬ್ಬೊಬ್ಬರ ಕಥೆಯನ್ನೂ ಬಿಡದೆ ಹೇಳಿದರು. ಹತ್ತರಲ್ಲಿ ಇಬ್ಬರಿಗೋ ಮೂವರಿಗೋ ಹಿಡಿಯುವುದಿಲ್ಲ ಅಂದರು. ಎಂಟನೆಯ ದಿನ ನಾನು ಒಪ್ಪಿದೆ.

ನನಗೆ ಸಸಿ ಹಿಡಿಯಿತು. ಒಂದೂವರೆ ತಿಂಗಳಿಗೆ ಬಲಗಣ್ಣಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರಿನ ದೊಡ್ಡ ಅಂಕೆಗಳು ಕಂಡವು. ನಾಲ್ಕನೆಯ ತಿಂಗಳಲ್ಲಿ ಮತ್ತೆ ಮಂಜಾಗಿ, ಆರನೆಯದಕ್ಕೆ ಮೊದಲಿನ ಬಿಳಿ ಪೊರೆ, ಮೊದಲಿನ ಕೆಂಪು ನರ. ಡಾಕ್ಟ್ರಮ್ಮ ಏನಾದರೂ ಹೆಚ್ಚುಕಡಿಮೆ ಆಯಿತೇ ಅಂತ ಕೇಳಿದರು. ಏನೂ ಇಲ್ಲ, ಎಲ್ಲ ನೀವು ಹೇಳಿದ ಹಾಗೇ ಮಾಡಿದೆ ಅಂದೆ. ಅವರು ಪುಸ್ತಕದಲ್ಲಿ ಕಾರಣ ಗೊತ್ತಾಗಲಿಲ್ಲ ಅಂತ ಬರೆದುಕೊಂಡರು. ಊರಿನವರು ಬಂದು ನಮ್ಮ ಬಾಗಿಲಿಗೆ ಗೆರೆ ಎಳೆದು ಹೋದರು.

ನಾನು ಹೇಳಿದ್ದು ಸುಳ್ಳು. ಕಣ್ಣು ಕಾಣತೊಡಗಿದ ಮೇಲೆ ನನಗೆ ಹಮ್ಮು ಬಂತು. ಮೂರು ತಿಂಗಳು ತುಂಬುತ್ತಿದ್ದ ಹಾಗೆ ಔಷಧಿಯ ಹನಿ ಬಿಡುವುದನ್ನು ನಿಲ್ಲಿಸಿದೆ. ಗೂಡಿನ ಹತ್ತಿರ ವರ್ಷದವರೆಗೆ ಸುಳಿಯಬೇಡಿ ಅಂದಿದ್ದರು, ಹೋದೆ. ಧೂಳು ಬಿದ್ದು ಕಣ್ಣು ಕೆಂಪಾಯಿತು. ಬೈಸಿಕೊಳ್ಳಬೇಕಾಗುತ್ತದೆ ಅಂತ ಎಂಟು ದಿನ ಆಸ್ಪತ್ರೆಗೆ ಹೋಗದೆ, ತೊಟ್ಟಿಯ ನೀರಲ್ಲಿ ತೊಳೆದುಕೊಂಡು ಕೂತೆ. ಇದು ಗೊತ್ತಿದ್ದದ್ದು ನಮ್ಮ ಮನೆಯವರಿಗೊಬ್ಬರಿಗೇ. ಅವರು ಒಂದೇ ಸಲ ಆ ಮಾತು ಎತ್ತಿದ್ದು. "ನೀನು ಹೇಳದಿದ್ದರೆ ನಾನೂ ಹೇಳಲ್ಲ. ಆದರೆ ಬರೋವರು ನಿನ್ನ ಮಾತು ನಂಬಿ ಹೋಗ್ತಾರೆ, ಅದು ನೆನಪಿರಲಿ" ಅಂದರು.

ಬಂದವರು ನಂಬಿದರು. ನಾಲ್ಕು ವರ್ಷದಲ್ಲಿ ಹನ್ನೊಂದು ಜನ ಚಾಪೆ ಸುತ್ತಿಕೊಂಡು ಬಂದರು. ಗೂಡಿನವರು, ಬ್ಯಾಟರಿ ಅಂಗಡಿಯವರು, ಪಟಾಕಿ ಸಿಡಿದವರು. ಎಲ್ಲರೂ ಕೇಳುತ್ತಿದ್ದುದು ಒಂದೇ, ಚೆನ್ನಾಗಿರುವ ಕಣ್ಣಿಗೆ ಏನೂ ಆಗುವುದಿಲ್ಲವೇ ಅಂತ. ನನ್ನ ಎಡಗಣ್ಣು ಒಂದು ವಾರದಲ್ಲಿ ಮೊದಲಿನಂತಾಗಿತ್ತು. ಆದರೂ ನಾನು ನಿಟ್ಟುಸಿರು ಬಿಟ್ಟು, ಈಗೇನೋ ಸರಿ ಇದೆ, ಮುಂದಿನದು ಯಾರಿಗೆ ಗೊತ್ತು ಅನ್ನುತ್ತಿದ್ದೆ. ಮತ್ತೆ ಅವಕಾಶ ಸಿಕ್ಕರೆ ಮಾಡಿಸಿಕೊಳ್ಳುತ್ತೀರಾ ಅಂತ ಕೇಳಿದರೆ ಇಲ್ಲ ಅಂತ ತಲೆಯಾಡಿಸುತ್ತಿದ್ದೆ. ಹನ್ನೊಂದು ಜನರೂ ಚೀಟಿ ಹರಿದು ಹಾಕಿ ಹೋದರು. ಒಬ್ಬೊಬ್ಬರು ವಾಪಸ್ ಹೋದಾಗಲೂ ನನಗೆ ಒಂಥರಾ ನಿರಾಳವಾಗುತ್ತಿತ್ತು. ಇನ್ನೊಬ್ಬರಿಗೆ ಸಸಿ ಹಿಡಿದು ನಿಂತುಬಿಟ್ಟರೆ ನನ್ನದೇಕೆ ಹೋಯಿತು ಅಂತ ಊರು ಕೇಳುವುದಿಲ್ಲವೇ? ಡಾಕ್ಟ್ರಮ್ಮ ಮಾತ್ರ ಏನೂ ಅನ್ನಲಿಲ್ಲ. ಆಗಾಗ ಬಂದು, ಟೀ ಕುಡಿದು, ನನ್ನ ಎರಡೂ ಕಣ್ಣು ನೋಡಿ ಹೋಗುತ್ತಿದ್ದರು.

ಈ ನಡುವೆ ಸೇತುವೆಯ ಆಚೆ ಒಂದು ಕ್ಲಿನಿಕ್ ಬಂತು. ಅವರದೂ ಸ್ಟೆಮ್ ಸೆಲ್ ಅಂತೆ. ಹೊಟ್ಟೆಯ ಕೊಬ್ಬನ್ನು ಸಿರಿಂಜಿನಲ್ಲಿ ಎಳೆದು, ಅದರಿಂದ ಏನನ್ನೋ ಸೋಸಿ, ಸೂಜಿಯಲ್ಲಿ ಕಣ್ಣಿನ ಒಳಗೇ ಬಿಡುತ್ತಾರಂತೆ. ಪೊರೆಯಿರಲಿ, ನರದ ದೋಷವಿರಲಿ, ಮುಪ್ಪಿನ ಮಂಜಿರಲಿ, ಎಲ್ಲಕ್ಕೂ ಅದೊಂದೇ ಮದ್ದು. ಮೊದಲು ಅವರು ಊರೊಳಗೇ ಬರಲು ನೋಡಿದರು. ಏಳು ದಿನ ಇದ್ದು ಕೆಟ್ಟಿದ್ದನ್ನು ಹೇಳಿ ಅಂದರೆ, ನಮ್ಮಲ್ಲಿ ಒಬ್ಬರಿಗೂ ಕೆಟ್ಟಿಲ್ಲ, ಹೇಳುವುದೇನು ಅಂದರು. ಹೇಳುವುದಕ್ಕೆ ಏನೂ ಇಲ್ಲದವರಿಗೆ ಊರಲ್ಲಿ ಜಾಗ ಇಲ್ಲ ಅಂತ ಹಿರಿಯರು ಕಳಿಸಿದರು. ಊರಿನ ಕಟ್ಟಲೆ ಸೇತುವೆ ದಾಟುವುದಿಲ್ಲ. ಅವರು ಅಲ್ಲೇ ಬೋರ್ಡು ಹಾಕಿಕೊಂಡರು.

ನನ್ನ ಮನೆಗೆ ಬಂದ ಹನ್ನೊಂದನೆಯವನು ತಗಡಿನ ಕೆಲಸದ ಫಕೀರಪ್ಪ. ಬೆಸುಗೆ ಹಾಕುವಾಗ ಆಸಿಡ್ ಹಾರಿ ಅವನ ಎಡಗಣ್ಣು ಹೋಗಿತ್ತು. ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ಇದ್ದ ಏಳು ದಿನದಲ್ಲಿ ನಮ್ಮ ಮನೆಯ ತೂತು ಬಿದ್ದ ಕೊಡಗಳನ್ನೆಲ್ಲ ರಿಪೇರಿ ಮಾಡಿಕೊಟ್ಟ. ಹೋಗುವಾಗ ನೀವು ಹೇಳಿದ್ದು ಒಳ್ಳೆಯದಾಯಿತು ಅಕ್ಕ ಅಂದ. ಎರಡು ತಿಂಗಳ ಮೇಲೆ ಗೊತ್ತಾಯಿತು, ಅವನು ಸೇತುವೆ ದಾಟಿ ಹೋಗಿದ್ದ. ಅವರು ಕೆಟ್ಟ ಕಣ್ಣಿಗೂ ಸೂಜಿ ಹಾಕಿ, ಬಲ ಬರಲಿ ಅಂತ ಚೆನ್ನಾಗಿದ್ದ ಕಣ್ಣಿಗೂ ಅವತ್ತೇ ಹಾಕಿದ್ದರು. ವಾರದೊಳಗೆ ಒಳ್ಳೆಯ ಕಣ್ಣಿನ ಒಳಪದರ ಕಿತ್ತುಕೊಂಡು ಬಂತು. ತಸ್ನೀಮ್ ಡಾಕ್ಟ್ರಮ್ಮ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎರಡು ಆಪರೇಷನ್ ಮಾಡಿಸಿದರೂ ಏನೂ ಉಳಿಯಲಿಲ್ಲ. ಈಗ ಅವನಿಗೆ ಎರಡೂ ಕಡೆ ಕತ್ತಲೆ. ಕ್ಲಿನಿಕ್ಕಿನವರು ಅವನ ಕಣ್ಣಲ್ಲೇ ಮೊದಲಿಂದ ದೋಷ ಇತ್ತು ಅಂದು ಕೈತೊಳೆದುಕೊಂಡರು. ನಾನು ಅವನ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಹನ್ನೆರಡನೆಯವಳಾಗಿ ವಾರಿಜ ಬಂದದ್ದು ಅದಾಗಿ ಮೂರು ತಿಂಗಳಿಗೆ. ಇಪ್ಪತ್ತಾರು ವರ್ಷದ ಹುಡುಗಿ, ಸೋಪಿನ ಕಾರ್ಖಾನೆಯಲ್ಲಿ ಕೆಲಸ. ಕಾಸ್ಟಿಕ್ ಸೋಡಾದ ನೀರು ಚಿಮ್ಮಿ ಎಡಗಣ್ಣು ಬೆಳ್ಳಗಾಗಿತ್ತು. ಅವಳು ಮೊದಲು ಬಂದವರ ಹಾಗೆ ಅಳುಕಿಕೊಂಡು ಕೂರಲಿಲ್ಲ. ಮೊದಲ ದಿನವೇ ಒಂದು ನೋಟ್‌ಬುಕ್ ತೆಗೆದು, ಯಾವ ದಿನ ಬ್ಯಾಂಡೇಜ್ ಬಿಚ್ಚಿದರು, ಯಾವ ದಿನದಿಂದ ಮಂಜಾಯಿತು, ಹನಿ ದಿನಕ್ಕೆ ಎಷ್ಟು ಸಲ, ಎಲ್ಲ ಕೇಳಿ ಬರೆದುಕೊಂಡಳು. ನಾನು ಎಂದಿನ ಉತ್ತರಗಳನ್ನೇ ಕೊಟ್ಟೆ. ಬರೆದುಕೊಳ್ಳುವವರ ಎದುರು ಸುಳ್ಳು ಹೇಳುವುದು ಕಷ್ಟ. ನಿನ್ನೆ ಹೇಳಿದ್ದು ಇವತ್ತಿಗೆ ಹೊಂದಬೇಕು. ನಾಲ್ಕನೆಯ ದಿನ ಅವಳು ಹಾಳೆ ತಿರುವಿ, ಅಮ್ಮ, ಹನಿ ಆರು ತಿಂಗಳು ಬಿಟ್ಟೆ ಅಂದಿದ್ದಿರಿ, ಬಾಟಲಿ ಮೂರೇ ತರಿಸಿದೆ ಅಂತಲೂ ಅಂದಿರಿ, ಅದು ಹೇಗೆ ಸಾಲುತ್ತದೆ ಅಂತ ಕೇಳಿದಳು. ನನಗೆ ನೆನಪಿಲ್ಲ ಅಂದುಬಿಟ್ಟೆ.

ಐದನೆಯ ದಿನ ಕಾಳು ಆರಿಸುತ್ತಾ, ಸೇತುವೆಯಾಚೆ ಹೋದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ ಅಂದಳು. ಅಲ್ಲಿ ಒಳ್ಳೆಯ ಕಣ್ಣಿಗೆ ಕತ್ತರಿ ಮುಟ್ಟಿಸುವುದಿಲ್ಲವಂತೆ, ಬರೀ ಸೂಜಿಯಂತೆ. ನನ್ನ ಕೈ ಮೊರದ ಮೇಲೆ ನಿಂತಿತು. ಫಕೀರಪ್ಪನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳು ಕಾರ್ಖಾನೆಯ ಕಡೆಯ ಹೊಸ ಬಡಾವಣೆಯವಳು. ಅಲ್ಲದೆ ಫಕೀರಪ್ಪನ ಮನೆ ಸಾಕ್ಷಿಮನೆ ಆಗಿರಲಿಲ್ಲ, ಯಾಕೆಂದರೆ ಆ ಚಿಕಿತ್ಸೆ ಊರಿನೊಳಗಿನದಲ್ಲ. ಏಳು, ಒಬ್ಬರ ಮನೆಗೆ ಹೋಗಿ ಬರೋಣ ಅಂದೆ.

ಫಕೀರಪ್ಪ ಜಗಲಿಯ ಮೇಲೆ ಕೂತು ತಗಡಿನ ತುಂಡನ್ನು ಬೆರಳಿನಿಂದ ಸವರುತ್ತಿದ್ದ. ನನ್ನ ಧ್ವನಿ ಕೇಳಿ, ಬನ್ನಿ ಅಕ್ಕ, ಎಷ್ಟು ದಿನವಾಯಿತು ಅಂದ. ವಾರಿಜ ಇಂಥವಳು, ಸೇತುವೆಯಾಚೆ ಹೋಗಲು ನೋಡುತ್ತಿದ್ದಾಳೆ ಅಂತ ಹೇಳಿದೆ. ಅವನು ಸೂಜಿ, ಕೊಬ್ಬು, ಆ ವಾರದ ನೋವು, ಕೊನೆಗೆ ಪರದೆ ಇಳಿದ ಹಾಗೆ ಕತ್ತಲಾದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದ. ವಾರಿಜ ಅದನ್ನೂ ಬರೆದುಕೊಂಡಳು. ಆಮೇಲೆ ಕೇಳಿದಳು, "ಅಣ್ಣ, ತಸ್ನೀಮ್ ಡಾಕ್ಟ್ರಮ್ಮನ ಹತ್ತಿರ ಯಾಕೆ ಹೋಗಲಿಲ್ಲ?"

"ಹೋಗಬೇಕು ಅಂತಲೇ ಇದ್ದೆನಮ್ಮ," ಅಂದ ಫಕೀರಪ್ಪ. "ಅಕ್ಕನ ಮನೆಯಲ್ಲಿ ಏಳು ದಿನ ಇದ್ದೆ. ಅದು ಕೇಳಿದ ಮೇಲೆ ಧೈರ್ಯ ಸಾಲಲಿಲ್ಲ. ಹಾಗಂತ ಒಂದು ಕಣ್ಣಲ್ಲಿ ಇರೋದಕ್ಕೂ ಮನಸ್ಸು ಒಪ್ಪಲಿಲ್ಲ. ಇನ್ನೊಂದು ದಾರಿ ಕಾಣಿಸಿತು, ಹೋದೆ."

ಅವನ ಮಾತಿನಲ್ಲಿ ನನ್ನ ಮೇಲೆ ಒಂದಿಷ್ಟೂ ದೂರಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ವಾದ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಅವನು ನನ್ನನ್ನು ಈಗಲೂ ನಂಬಿದ್ದ. ನಾನು ಜಗಲಿಯ ಮೇಲೆ ಕೂತುಬಿಟ್ಟೆ. ನಾಲ್ಕು ವರ್ಷ ಒಳಗೇ ಇಟ್ಟುಕೊಂಡಿದ್ದು ಆ ಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ಹಾದುಹೋಗುವವರಿಗೂ ಕೇಳಿಸುವ ಹಾಗೆ ಹೊರಗೆ ಬಂತು. ಹನಿ ನಿಲ್ಲಿಸಿದ್ದು, ಗೂಡಿಗೆ ಹೋದದ್ದು, ತೊಟ್ಟಿಯ ನೀರು, ಎಂಟು ದಿನ ಮುಚ್ಚಿಟ್ಟದ್ದು, ಎಡಗಣ್ಣು ಯಾವತ್ತೂ ಚೆನ್ನಾಗೇ ಇದ್ದದ್ದು.

ಫಕೀರಪ್ಪ ಕೈಯಲ್ಲಿದ್ದ ತಗಡನ್ನು ಪಕ್ಕಕ್ಕಿಟ್ಟ. "ಇವತ್ತು ಹೊರಡಿ ಅಕ್ಕ," ಅಂದ. ಅಷ್ಟೆ. ನಾವು ಎದ್ದು ಬಂದೆವು.

ನಾನು ಸೀದಾ ಆಸ್ಪತ್ರೆಗೆ ನಡೆದೆ, ವಾರಿಜಳೂ ಹಿಂದೆ ಬಂದಳು. ಡಾಕ್ಟ್ರಮ್ಮನ ಎದುರು ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ. ಹನ್ನೊಂದು ಜನ ಅಂತ ಮೆಲ್ಲಗೆ ಅಂದುಕೊಂಡರು. ಬೈಯುತ್ತಾರೆ ಅಂತ ಕಾದೆ. ಅವರು ಹಳೆಯ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ನಾನು ಹೇಳಿದ್ದನ್ನೆಲ್ಲ ಬರೆದರು. ವಾರಿಜ ಕುರ್ಚಿಯ ಅಂಚಿಗೆ ಬಂದು, ಹಾಗಾದರೆ ಸರಿಯಾಗಿ ನೋಡಿಕೊಂಡರೆ ಕೆಡುವುದೇ ಇಲ್ಲ ಅಂತಾಯಿತಲ್ಲ ಅಂದಳು. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು.

"ಹಾಗೆ ಅಂದುಕೊಳ್ಳಬೇಡ," ಅಂದರು. "ಇವರದು ಆ ಕಾರಣಕ್ಕೇ ಹೋಯಿತು ಅಂತ ನಾನು ಹೇಳಲಾರೆ. ಅದರಿಂದ ಕೆಟ್ಟಿರಬಹುದು ಅಂತ ಮಾತ್ರ ಹೇಳಬಹುದು. ಎಲ್ಲ ಸರಿಯಾಗಿ ಮಾಡಿದವರಲ್ಲೂ ಕೆಲವರಿಗೆ ನಿಲ್ಲುವುದಿಲ್ಲ. ಒಳ್ಳೆಯ ಕಣ್ಣಿಗೆ ಅಪಾಯ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅಂಥ ಮಾತು ಬೇಕಿದ್ದರೆ ಸೇತುವೆಯಾಚೆ ಸಿಗುತ್ತದೆ."

ವಾರಿಜ ಉಳಿದ ಎರಡು ದಿನವನ್ನೂ ನನ್ನ ಮನೆಯಲ್ಲೇ ಕಳೆದಳು. ಹಳೆಯ ಹಾಳೆಗಳನ್ನು ಹರಿದು, ಮೊದಲಿನಿಂದ ಎಲ್ಲ ಪ್ರಶ್ನೆಯನ್ನೂ ಮತ್ತೆ ಕೇಳಿದಳು. ನಾನು ಈ ಸಲ ನಿಜ ಹೇಳಿದೆ. ಏಳನೆಯ ದಿನ ಚೀಟಿ ಚಾಚಿದಳು. ಅವತ್ತು ಹೆಬ್ಬೆಟ್ಟು ಒತ್ತುವಾಗ ನನಗೆ ಮೊದಲ ಸಲ ಅದರ ಭಾರ ಗೊತ್ತಾಯಿತು. ಅವಳು ಮಾಡಿಸಿಕೊಂಡಳು. ದಿನವೂ ಹನಿ ಬಿಟ್ಟಳು, ಕಾರ್ಖಾನೆಯಲ್ಲಿ ಸೋಡಾದ ತೊಟ್ಟಿ ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಹೋದಳು. ಎರಡು ತಿಂಗಳಿಗೆ ಡಾಕ್ಟ್ರಮ್ಮನ ಗೋಡೆಯ ಮೇಲಿನ ಅಕ್ಷರಗಳಲ್ಲಿ ಐದು ಸಾಲು ಓದಿದಳು. ವರ್ಷ ಕಳೆದರೂ ಅದು ಹಾಗೇ ನಿಂತಿತು.

ಊರಲ್ಲಿ ನನ್ನನ್ನು ಕರೆಸಿ ಛೀಮಾರಿ ಹಾಕಿದರು. ಹಾಕಬೇಕಾದ್ದೇ. ಸಾಕ್ಷಿಯವರು ನಿಜ ಹೇಳಬೇಕು ಅನ್ನುವ ಸಾಲನ್ನು ಅವತ್ತು ಊರಿನ ಕಟ್ಟಲೆಯ ಪುಸ್ತಕಕ್ಕೆ ಸೇರಿಸಿದರು. ವಾಪಸ್ ಹೋಗಿದ್ದ ಉಳಿದ ಹತ್ತು ಜನರ ಮನೆಗೂ ನಾನೇ ಹೋಗಿ ಹೇಳಿ ಬಂದೆ. ಇಬ್ಬರು ಬಾಗಿಲು ತೆರೆಯಲಿಲ್ಲ, ಒಬ್ಬಳು ನೀರು ಎರಚಿದಳು. ಏಳು ಜನ ಒಬ್ಬೊಬ್ಬರಾಗಿ ಆಸ್ಪತ್ರೆಗೆ ಹೋದರು. ಅವರಲ್ಲಿ ಐದು ಜನರಿಗೆ ಹಿಡಿಯಿತು, ಇಬ್ಬರಿಗೆ ಹಿಡಿಯಲಿಲ್ಲ. ಹಿಡಿಯದವರಲ್ಲಿ ಒಬ್ಬರು ವೀರಭದ್ರಾಚಾರ್ ಅನ್ನುವ ಬಡಗಿ. ಗಡಿಯಾರ ನೋಡಿ ಹನಿ ಬಿಟ್ಟ ಮನುಷ್ಯ, ಮರದ ಹೊಟ್ಟು ತಾಗದಿರಲಿ ಅಂತ ಎಂಟು ತಿಂಗಳು ಉಳಿ ಮುಟ್ಟಿರಲಿಲ್ಲ. ಆದರೂ ಹೋಯಿತು. ಅವರ ಬಾಗಿಲಿಗೂ ಗೆರೆ ಬಿತ್ತು.

ಫಕೀರಪ್ಪ ತಾನೇ ಹಿರಿಯರ ಹತ್ತಿರ ಹೋಗಿ, ಸೇತುವೆಯಾಚೆಯದು ಊರಿನ ಚಿಕಿತ್ಸೆ ಅಲ್ಲದಿದ್ದರೆ ಬೇಡ, ಕೆಟ್ಟ ಕಣ್ಣು ಊರಿನದೇ, ನನ್ನ ಬಾಗಿಲಿಗೂ ಗೆರೆ ಎಳೆಯಿರಿ ಅಂತ ಹಟ ಹಿಡಿದು ಎಳೆಸಿಕೊಂಡ. ಆಮೇಲೆ ಸೇತುವೆ ದಾಟುವ ಮೊದಲು ಜನ ತಾವಾಗಿ ಅವನ ಮನೆಗೆ ಹೋಗಿ ಕೂರತೊಡಗಿದರು. ಏಳು ದಿನ ಯಾರಿಗೂ ಬೇಕಾಗಲಿಲ್ಲ, ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಬೇಸಿಗೆಯ ಹೊತ್ತಿಗೆ ಕ್ಲಿನಿಕ್ಕಿನವರು ಬೋರ್ಡು ಬಿಚ್ಚಿಕೊಂಡು ಬೇರೆಲ್ಲಿಗೋ ಹೋದರು. ಎಲ್ಲಿಗೆ ಅಂತ ಡಾಕ್ಟ್ರಮ್ಮ ಇನ್ನೂ ವಿಚಾರಿಸುತ್ತಲೇ ಇದ್ದಾರೆ.

ಡಾಕ್ಟ್ರಮ್ಮ ಒಂದು ದಿನ ನನ್ನ ಎಡಗಣ್ಣಿನ ಅಂಚನ್ನು ದೀಪದಲ್ಲಿ ನೋಡಿ, ಇನ್ನೊಂದು ಬದಿಯಿಂದ ಎಳ್ಳುಕಾಳಿನಷ್ಟು ತೆಗೆಯಬಹುದು, ಎರಡನೆಯ ಸಲ ಇಟ್ಟು ನೋಡೋಣವೇ ಅಂದರು. ನಾನು ಚಾಪೆ ಸುತ್ತಿಕೊಂಡು, ಅಕ್ಕಿ ಕಟ್ಟಿಕೊಂಡು ವೀರಭದ್ರಾಚಾರರ ಮನೆಗೆ ಹೋದೆ. ಬೇರೆಯವರ ಪಡಸಾಲೆಯಲ್ಲಿ ಮಲಗಿ ಅವರ ಬಿಳಿ ಕಣ್ಣನ್ನು ನೋಡುವುದು ಎಂಥದ್ದು ಅಂತ ಆಗ ತಿಳಿಯಿತು. ಆಚಾರರು ಏನನ್ನೂ ಬಣ್ಣ ಹಚ್ಚಿ ಹೇಳಲಿಲ್ಲ. ಯಾಕೆ ಹೋಯಿತು ಅಂದರೆ ಗೊತ್ತಿಲ್ಲ ಅಂದರು. ಕಣ್ಣು ಕಂಡ ಆ ಐದು ತಿಂಗಳಲ್ಲಿ ಒಂದು ತೊಟ್ಟಿಲಿಗೆ ನಕ್ಷೆ ಬರೆದೆ, ಅದಕ್ಕಾದರೂ ಬಂತು ಅಂದರು. ನನ್ನನ್ನು ಎಲ್ಲರೂ ಕೇಳುತ್ತಿದ್ದ ಪ್ರಶ್ನೆಯನ್ನು ನಾನೂ ಕೇಳಿದೆ. ಅವರು ಯೋಚಿಸಿ, "ಮಾಡಿಸಿಕೊಳ್ಳುತ್ತಿದ್ದೆ. ಆದರೆ ಅದು ನನ್ನ ಕಣ್ಣಿನ ಮಾತು, ನಿಮ್ಮ ಕಣ್ಣಿಗೆ ನೀವೇ ಹೇಳಬೇಕು" ಅಂದರು. ಎಂಟನೆಯ ದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದೆ.

ಅದಾಗಿ ಹದಿನಾಲ್ಕು ತಿಂಗಳಾಯಿತು. ಗೂಡಿನ ಕೆಲಸ ಬಿಟ್ಟಿದ್ದೇನೆ. ಹನಿ ಒಂದು ದಿನವೂ ತಪ್ಪಿಸಿಲ್ಲ. ಬಲಗಣ್ಣಿಗೆ ಪೇಪರಿನ ಸಣ್ಣಕ್ಷರ ಕಾಣುವುದಿಲ್ಲ. ಬೀದಿಯ ಆಚೆ ಬರುವವರು ಯಾರು ಅಂತ ಕಾಣುತ್ತದೆ, ಲೋಟಕ್ಕೆ ಟೀ ಬಗ್ಗಿಸಿದರೆ ಲೋಟದೊಳಗೇ ಬೀಳುತ್ತದೆ. ನಾಳೆ ಈ ನೋಟವೂ ಹೋಗಬಹುದು, ಹೋಗದೆಯೂ ಇರಬಹುದು.

ಕಳೆದ ವಾರ ಫಕೀರಪ್ಪ ಹೇಳಿಕಳಿಸಿದ. ಆ ದಿನದ ಮೇಲೆ ಅವನ ಜಗಲಿ ಹತ್ತುವ ಧೈರ್ಯ ನನಗೆ ಬಂದಿರಲಿಲ್ಲ. ಹೋಗಿ ನೋಡಿದರೆ ಗಡ್ಡ ಎದೆಯವರೆಗೆ ಇಳಿದಿತ್ತು. ಕಣ್ಣಿಗೆ ಸೂಜಿ ಹಾಕಿಸಿಕೊಂಡ ಮೇಲೆ ಅವನು ಮುಖದ ಹತ್ತಿರ ಚೂಪಾದ್ದು ಯಾವುದನ್ನೂ ತರಗೊಟ್ಟಿಲ್ಲ, ಕ್ಷೌರದವರನ್ನೂ ಬೈದು ಅಟ್ಟಿದ್ದಾನೆ ಅಂತ ಅವನ ಹೆಂಡತಿ ಹೇಳಿದಳು. ಅವನು ನನ್ನ ಕಡೆ ಮುಖ ತಿರುಗಿಸಿದ.

"ಎರಡೂ ಕಣ್ಣು ಕಾಣ್ತದಂತೆ, ಹೌದಾ ಅಕ್ಕ?"

"ಒಂದು ಪೂರ್ತಿ. ಇನ್ನೊಂದು ಮುಕ್ಕಾಲು."

ಅವನು ಹೆಂಡತಿಯನ್ನು ಕರೆದು ಕತ್ತರಿ ತರಿಸಿ ನನ್ನ ಕೈಗೆ ಕೊಡಿಸಿದ. ತಗಡು ಕತ್ತರಿಸುವುದಲ್ಲ, ಬಟ್ಟೆಯದು. ಕಂಬಕ್ಕೆ ಒರಗಿ, ಗದ್ದ ಮೇಲೆತ್ತಿ, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಬಿಗಿಯಾಗಿ ಊರಿ ಕೂತ. ನಾನು ಹತ್ತಿರ ಜರುಗಿ, ಕತ್ತರಿ ಮುಟ್ಟಿಸುವ ಮೊದಲು ಪ್ರತಿ ಸಲವೂ ಎಲ್ಲಿ ಇಡುತ್ತಿದ್ದೇನೆ ಅಂತ ಹೇಳಿ ಹೇಳಿ ಕತ್ತರಿಸಿದೆ. ಕೆನ್ನೆ ಮುಗಿಯುವ ಹೊತ್ತಿಗೆ ಅವನ ಬೆರಳುಗಳು ಸಡಿಲವಾಗಿದ್ದವು.